ಪೂಜೆ ಮಾಡಿದ ಹೆಲ್ಮೆಟ್ಟು

ರಾಣೆಬೆನ್ನೂರಿನ ನಮ್ಮ ಓಣಿಯಲ್ಲಿ ರುದ್ರಮುನಿಯವರ ಮನೆ ಯಾವುದು ಎಂದು ಕೇಳಿದರೆ ಜನ ಸ್ವಲ್ಪ ಯೋಚಿಸುತ್ತಾರೆ. ಹೆಲ್ಮೆಟ್ ಸಾಹೇಬರ ಮನೆ ಎಂದು ಕೇಳಿ, ಆಡುವ ಮಕ್ಕಳೂ ಕೈಹಿಡಿದು ಕರೆದುಕೊಂಡು ಹೋಗುತ್ತವೆ. ಬೀಜದ ಕಂಪನಿಯೊಂದರಲ್ಲಿ ಅವರದು ಹಳ್ಳಿ ತಿರುಗುವ ಕೆಲಸವಾಗಿತ್ತು. ಏಪ್ರಿಲ್ ತಿಂಗಳ ಉರಿಬಿಸಿಲಿನಲ್ಲೂ ದಪ್ಪ ಜಾಕೆಟ್ಟು, ಕೈಗೆ ಗ್ಲೌಸು, ಮೊಣಕಾಲಿಗೆ ಗಾರ್ಡು, ಗದ್ದದವರೆಗೆ ಮುಚ್ಚುವ ಕರಿ ಹೆಲ್ಮೆಟ್ಟು. ಹೊಲದ ಬದುವಿನಲ್ಲಿ ಬೈಕು ನಿಲ್ಲಿಸಿ ಅವರು ಇದನ್ನೆಲ್ಲ ಕಳಚಿಡುವಷ್ಟರಲ್ಲಿ ಕೆಲಸದ ಹೆಣ್ಣುಮಕ್ಕಳು ಒಂದು ಸಾಲು ಮುಗಿಸಿ, ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು.

ನಾನು ಅವರ ಪಕ್ಕದ ಮನೆಯ ಕಲ್ಲೇಶ. ಪಂಪ್‌ಸೆಟ್ ರಿಪೇರಿ ಅಂಗಡಿ ನನ್ನದು. ನನ್ನ ಹೆಲ್ಮೆಟ್ಟು ಇರುತ್ತಿದ್ದುದು ಸ್ಕೂಟರಿನ ಕನ್ನಡಿಗೆ. ಪೊಲೀಸರು ಕಂಡರೆ ಮಾತ್ರ ತಲೆಗೆ ಬರುತ್ತಿತ್ತು. ಇದಕ್ಕಾಗಿ ನಾನು ಸಾಹೇಬರಿಂದ ತಿಂದ ಬೈಗುಳ ನನ್ನಪ್ಪನಿಂದಲೂ ತಿಂದಿಲ್ಲ.

ಎರಡು ವರ್ಷದ ಹಿಂದೆ ಮೆಣಸಿನಕಾಯಿ ಸುಗ್ಗಿಯಲ್ಲಿ ಅವರು ಬಿದ್ದರು. ಮೋಟೆಬೆನ್ನೂರಿನಿಂದ ಬ್ಯಾಡಗಿ ಕಡೆಗೆ ಹೊರಳಿದ್ದರಂತೆ. ಮುಂದೆ ಹೊರಟಿದ್ದ ಗಾಡಿಯ ಮೇಲಿನಿಂದ ಮೆಣಸಿನಕಾಯಿ ಚೀಲವೊಂದು ಉರುಳಿ ಇವರ ಚಕ್ರಕ್ಕೇ ಬಂತು. ಗಾರ್ಡಿದ್ದರೂ ಮೊಣಕಾಲು ಮುರಿಯಿತು. ತಲೆ ರಸ್ತೆಗೆ ಬಡಿಯಿತು, ಆದರೆ ತಲೆಗೆ ಒಂದು ಗೀರೂ ಬೀಳಲಿಲ್ಲ. ಹಾವೇರಿಯ ಆಸ್ಪತ್ರೆಯಲ್ಲಿ ಡಾಕ್ಟರು ಹೆಲ್ಮೆಟ್ಟನ್ನು ಬೆರಳಿನಿಂದ ತಟ್ಟಿ, "ಇದು ಇರಲಿಲ್ಲಂದ್ರ ಇವರು ಇರ್ತಿರಲಿಲ್ರಿ" ಅಂದರು. ಸಾಹೇಬರ ಹೆಂಡತಿ ಪುಷ್ಪಲತಕ್ಕ ಅದನ್ನು ಸೆರಗಿನಿಂದ ಒರೆಸಿ, ಮಗುವಿನಂತೆ ಮಡಿಲಲ್ಲಿಟ್ಟುಕೊಂಡು ಮನೆಗೆ ತಂದರು.

ಅಮಾವಾಸ್ಯೆ ಬಂದರೆ ಗಾಡಿ ತೊಳೆದು, ಕುಂಕುಮ ಹಚ್ಚಿ, ನಿಂಬೆಹಣ್ಣು ಇಳಿಸುವುದು ನಮ್ಮ ಕಡೆ ಎಲ್ಲರ ಮನೆಯಲ್ಲೂ ಉಂಟು. ಸಾಹೇಬರ ಕಾಲು ಸರಿಯಾಗಿ ಮಡಚದೆ ಹೋಗಿ ಬೈಕು ಮಾರಿದರು, ಆದರೆ ಪೂಜೆ ನಿಲ್ಲಲಿಲ್ಲ. ಅಮಾವಾಸ್ಯೆಗೊಮ್ಮೆ ಆ ಕರಿ ಹೆಲ್ಮೆಟ್ಟು ಮಣೆಯ ಮೇಲೆ ಕೂತು ವಿಭೂತಿ, ಕುಂಕುಮ ಹಚ್ಚಿಸಿಕೊಳ್ಳುತ್ತಿತ್ತು. "ಸಾಹೇಬ್ರ, ನೈವೇದ್ಯಕ್ಕ ಏನ ಮಾಡೀರಿ?" ಎಂದು ನಾನು ಕಾಡಿಸುತ್ತಿದ್ದೆ. ಅವರೂ ನಗುತ್ತಿದ್ದರು.

ಹೆಂಡತಿಗೆ ಅವರು ಒಂದು ಮಾತು ಹೇಳಿರಲಿಲ್ಲ. ಒಮ್ಮೆ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ಟು ಮತ್ತೊಮ್ಮೆ ತಲೆ ಕಾಯುವುದಿಲ್ಲ. ಒಳಗಿನ ಥರ್ಮಾಕೋಲು ಪೆಟ್ಟನ್ನು ನುಂಗಿ ಚಪ್ಪಟೆಯಾಗಿರುತ್ತದೆ. ಹೊರಗಿನ ಹೊಳಪು ಮಾತ್ರ ಹಾಗೇ ಇರುತ್ತದೆ. ಅರಿವೆಯ ಅಸ್ತರ ಸರಿಸಿ ನೋಡಿದಾಗ ಅಂಗೈ ಅಗಲ ಕುಸಿದ ಜಾಗ, ಅದರ ನಡುವೆ ಬಿರುಕು ಅವರಿಗೆ ಕಂಡಿತ್ತು. ಹೆಂಡತಿ ನೋಡಿದರೆ ಹೆದರಿಯಾಳೆಂದು ಅಸ್ತರ ಮೊದಲಿನಂತೆ ಕೂರಿಸಿಬಿಟ್ಟಿದ್ದರು. ತಮಗಾಗಿ ಬೇರೊಂದು ಹೆಲ್ಮೆಟ್ಟು ಕೊಂಡರು. ನನ್ನ ಸ್ಕೂಟರಿನ ಹಿಂದೆ ಪೇಟೆಗೆ ಬರುವಾಗಲೂ ಅದನ್ನು ಹಾಕಿಕೊಳ್ಳದೆ ಕೂರುತ್ತಿರಲಿಲ್ಲ.

ಈ ಸಲ ಯುಗಾದಿಗೆ ಮುಂಚೆ ಮನೆಗೆ ಬಣ್ಣ ಬಳಿಯುವಾಗ ಅಟ್ಟ ಖಾಲಿ ಮಾಡಲು ನನ್ನನ್ನು ಕರೆದರು. ಜಾಕೆಟ್ಟು, ಗ್ಲೌಸು, ಗಾರ್ಡು ಎಲ್ಲ ಅಂಗಳಕ್ಕೆ ಬಂದವು.

"ಜಾಕೆಟ್ ಗಟ್ಟಿ ಐತಿ, ಯಾರಿಗರ ಕೊಡೋಣ," ಅಂದರು. ಹೆಲ್ಮೆಟ್ಟನ್ನು ಕೈಗೆತ್ತಿಕೊಂಡವರೇ ಹೆಂಡತಿ ಒಳಗಿರುವುದನ್ನು ನೋಡಿ ದನಿ ತಗ್ಗಿಸಿದರು. "ಇದನ್ನ ಕೊಡಾಕ ಬರೂದಿಲ್ಲ ಕಲ್ಲೇಶ. ಒಳಗ ಒಡದೈತಿ. ಹಂಗ ಕಸಕ್ಕ ಒಗದ್ರ ಯಾರರ ಆರಿಸ್ಕೊಂಡು ಹಾಕ್ಕೋತಾರ. ಚೂರು ಮಾಡೇ ಒಗೀಬೇಕು."

"ಮಾಡ್ರಿ ಮತ್ತ," ಎಂದು ನಾನು ಸುತ್ತಿಗೆ ಕೊಟ್ಟೆ.

ಸುತ್ತಿಗೆ ಎತ್ತಿದರು. ಗಾಳಿ ಆಡುವ ತೂತಿನಲ್ಲಿ ಹಿಂದಿನ ಅಮಾವಾಸ್ಯೆಯ ಕುಂಕುಮ ಇನ್ನೂ ಕೂತಿತ್ತು. ಎತ್ತಿದ ಕೈ ಹಾಗೇ ಕೆಳಗಿಳಿಯಿತು. "ಜೀವಾ ಉಳಿಸೇತಿ. ಪೂಜಿ ಮಾಡೇನಿ. ಹೆಂಗ ಹೊಡೀಲೋ? ಹಳೇ ದೇವರ ಫೋಟೋ ಬಿಟ್ಟಂಗ ಹೊಳಿಗೆ ಬಿಟ್ಟು ಬರೋಣ. ಯುಗಾದಿ ಮುಗೀಲಿ, ಕುಮಾರಪಟ್ಟಣದ ಕಡೆ ಹೋಗೋಣ."

ಹೆಲ್ಮೆಟ್ಟಿಗೆ ತುಂಗಭದ್ರೆಯಲ್ಲಿ ವಿಸರ್ಜನೆ! ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವರು ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ಬಾಗಿಲ ಹಿಂದೆ ಇಟ್ಟರು.

ಯುಗಾದಿಯ ಮರುದಿನ ನೋಡಿದರೆ ಚೀಲ ಇಲ್ಲ. ಪುಷ್ಪಲತಕ್ಕ ಅಡಿಗೆ ಮನೆಯಿಂದಲೇ ಹೇಳಿದರು: "ನಿಮ್ಮ ಕಡೆ ಬೀಜಾ ಒಯ್ತಿದ್ದ ಹೊಳಿಯಪ್ಪಗ ಕೊಟ್ಟೇನ್ರಿ. ಅಮಾಸಿ ಹಿಂದಿನ ದಿನ ಖಾರದಪುಡಿಗೆ ಮೆಣಸಿನಕಾಯಿ ತಂದಿದ್ದ. ಗಂಡಾ ಹೆಂಡ್ತಿ ಇಬ್ರೂ ಬರಿ ತಲಿಲೆ ಗಾಡಿ ಮ್ಯಾಲೆ ಬಂದಿದ್ರು, ಪಾಪ. ನಿಮ್ಮ ಜೀವಾ ಉಳಿಸಿದ್ದು ಅವರ ಜೀವಾನೂ ಉಳಸ್ಲಿ ಅಂತ ಕೊಟ್ಟೆ."

ಸಾಹೇಬರು ಬಾಗಿಲ ಚೌಕಟ್ಟು ಹಿಡಿದು ನಿಂತರು. ಹೆಂಡತಿಯನ್ನು ಬೈಯಲು ಬಾಯಿ ತೆರೆದದ್ದನ್ನು ನಾನು ಕಂಡೆ. ಬೈಯಲಿಲ್ಲ. ಹೇಳಬೇಕಾದ್ದನ್ನು ಎರಡು ವರ್ಷ ಹೇಳದವರು ಯಾವ ಬಾಯಿಂದ ಬೈಯಬೇಕು? "ಕಲ್ಲೇಶ, ಗಾಡಿ ತಗಿ," ಅಂದರು.

ಹೊಳಿಯಪ್ಪನ ಫೋನು ಬಡಿದುಕೊಂಡರೂ ಅವನು ಎತ್ತಲಿಲ್ಲ. ಬ್ಯಾಡಗಿ ಸಮೀಪದ ಅವನ ಊರು ಮುಟ್ಟುವವರೆಗೆ ಸಾಹೇಬರು ನನ್ನ ಭುಜ ಹಿಡಿದ ಕೈ ಸಡಿಲಿಸಲಿಲ್ಲ. ಎದುರಿಗೆ ಮೆಣಸಿನಕಾಯಿ ಚೀಲ ಹೇರಿದ ಗಾಡಿ ಬಂದಾಗಲೆಲ್ಲ ಆ ಬೆರಳು ಇನ್ನಷ್ಟು ಒತ್ತುತ್ತಿದ್ದವು.

ಮನೆಯಲ್ಲಿ ಹೊಳಿಯಪ್ಪನ ತಾಯಿ ಸಿದ್ದವ್ವ ಒಬ್ಬಳೇ ಇದ್ದಳು. "ಬರ್ರಿ, ಕುಂದ್ರಿ. ಇಬ್ರೂ ಹಾವೇರಿಗೆ ಹೋಗ್ಯಾರ್ರಿ, ಸೊಸಿ ತಂಗಿ ಮನಿಗೆ. ಮೊದಲ ದೊಡ್ಡ ರೋಡಿಗೆ ಹೋಗಾಕ ಹೆದರ್ತಿದ್ರು. ನಿಮ್ಮ ಟೊಪ್ಪಿಗಿ ಬಂದ ಮ್ಯಾಲೆ ಧೈರ್ಯ ಬಂದೈತಿ ನೋಡ್ರಿ," ಎಂದು ನೀರು ಕೊಟ್ಟಳು.

ಸಾಹೇಬರು ತಂಬಿಗೆ ಹಿಡಿದೇ ಕೂತರು, ಕುಡಿಯಲಿಲ್ಲ. ದೂರದಲ್ಲಿ ಯಾವ ಬೈಕಿನ ಸದ್ದು ಬಂದರೂ ಆ ಮಡಚದ ಕಾಲನ್ನು ಎಳೆದುಕೊಂಡು ಎದ್ದು ನಿಲ್ಲುತ್ತಿದ್ದರು. "ಇವರಿಗೆ ಧೈರ್ಯ ಕೊಟ್ಟು ಕಳಿಸೇನಲ್ಲೋ," ಅಂದರು ನನಗೆ. ನಾನು ಮತ್ತೊಮ್ಮೆ ಹೊಳಿಯಪ್ಪನಿಗೆ ಫೋನು ಹಚ್ಚಿದೆ.

ಬಿಸಿಲು ಇಳಿಯುವ ಹೊತ್ತಿಗೆ ಬಂದರು. ಜಾಕೆಟ್ಟು ಹೊಳಿಯಪ್ಪನ ಮೈಮೇಲೆ ಇತ್ತು, ಹೆಲ್ಮೆಟ್ಟು ಹಿಂದೆ ಕೂತ ಅವನ ಹೆಂಡತಿ ಶಿಲ್ಪಾಳ ತಲೆಯ ಮೇಲೆ. ಇದ್ದ ಒಂದನ್ನು ಅವನು ಹೆಂಡತಿಗೆ ಹಾಕಿದ್ದ. ಸಾಹೇಬರ ಕಣ್ಣು ತುಂಬಿ ಬಂತು.

"ಹೊಳಿಯಪ್ಪ, ಆ ಹೆಲ್ಮೆಟ್ ವಾಪಸ್ ಕೊಡಪಾ."

ಅವನ ಮುಖ ಸಣ್ಣದಾಯಿತು. ಕೊಟ್ಟದ್ದನ್ನು ಮರಳಿ ಕೇಳುವವರನ್ನು ನಮ್ಮ ಕಡೆ ಯಾರೂ ಮರ್ಯಾದೆಯಿಂದ ನೋಡುವುದಿಲ್ಲ. "ಅಕ್ಕಾರು ತಾವಾಗೇ ಕೊಟ್ಟಾರ್ರಿ. ನಾವೇನ ಬೇಡಿದ್ದಿಲ್ಲ," ಅಂದ. ಶಿಲ್ಪಾ ಅದನ್ನು ತೆಗೆದು ಮುಂದೆ ಹಿಡಿದಳು. ಅದರ ಹಣೆಗೆ ಹೊಸ ಕುಂಕುಮವಿತ್ತು, ಎರಡು ದಿನದ ಹಿಂದಿನ ಅಮಾವಾಸ್ಯೆಯದು.

ಸಾಹೇಬರು ಅಸ್ತರ ಕಿತ್ತು ಒಳಗಿನ ಬಿರುಕು ತೋರಿಸಿದರು. ತಾವು ಬಿದ್ದ ಕಥೆ ಹೇಳಿದರು. ಹೊಳಿಯಪ್ಪ ಹೆಲ್ಮೆಟ್ಟನ್ನು ತಿರುಗಿಸಿ ತಿರುಗಿಸಿ ನೋಡಿದ. "ಮ್ಯಾಲೆ ಎಷ್ಟ ಚಲೋ ಐತಲ್ರಿ. ಸಣ್ಣ ಬಿರುಕು. ನಡೀತೈತಿ ತಗೋರಿ."

ನಡೆಯುವುದಿಲ್ಲ ಎಂದು ಮಾತಿನಲ್ಲಿ ತಿಳಿಸುವ ದಾರಿ ಇರಲಿಲ್ಲ. ಸಾಹೇಬರು ಅಂಗಳದ ಒಗೆಯುವ ಕಲ್ಲಿನ ಮೇಲೆ ಹೆಲ್ಮೆಟ್ಟು ಇಟ್ಟು, ಪಕ್ಕದಲ್ಲಿದ್ದ ಗುಂಡುಕಲ್ಲು ಎತ್ತಿದರು.

ಶಿಲ್ಪಾ ಓಡಿ ಬಂದು ಅಡ್ಡ ನಿಂತಳು. "ಒಡೀಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೇನಿ. ಬೇಕಾರ ಒಯ್ರಿ. ಪೂಜಿ ಮಾಡೇನ್ರಿ ಅದಕ್ಕ!"

ತಮ್ಮ ಮನೆಯ ಅಂಗಳದಲ್ಲಿ ಮಾಡಿದಂತೆ ಸಾಹೇಬರು ಮತ್ತೆ ಕೈ ಇಳಿಸುತ್ತಾರೆ ಎಂದುಕೊಂಡೆ. ಇಳಿಸಲಿಲ್ಲ. "ಅತ್ತ ಸರಿ ತಂಗಿ," ಎಂದು ಅವಳನ್ನು ಪಕ್ಕಕ್ಕೆ ಸರಿಸಿ ಕಲ್ಲು ಹಾಕಿದರು. ಮೊದಲ ಪೆಟ್ಟಿಗೆ ಕರಕ್ ಎಂದಿತು. ಎರಡನೆಯದಕ್ಕೆ ಹಳೆಯ ಬಿರುಕಿನ ಗುಂಟ ಬಾಯಿಬಿಟ್ಟು ಎರಡಾಯಿತು. ಒಳಗಿನಿಂದ ಬಿಳಿ ಪುಡಿ ಉದುರಿತು.

ಹೊಳಿಯಪ್ಪ ಹೆಂಡತಿಯ ತಲೆಯ ಮೇಲೆ ಕೈಯಿಟ್ಟ. ತಾನು ಕೈಯಿಟ್ಟದ್ದು ಅವನಿಗೇ ಗೊತ್ತಿದ್ದಂತೆ ಕಾಣಲಿಲ್ಲ. ಆಮೇಲೆ ಕೇಳಿದ: "ಅಕ್ಕಾರಿಗೆ ಗೊತ್ತಿರಲಿಲ್ಲ, ಕೊಟ್ರು. ನಿಮಗ ಗೊತ್ತಿತ್ತಲ್ರಿ ಸಾಹೇಬ್ರ. ಆವತ್ತ ಯಾಕ ಒಡೀಲಿಲ್ರಿ?"

"ನಾನೂ ಪೂಜಿ ಮಾಡಿದ್ದೆ," ಅಂದರು ಸಾಹೇಬರು. "ಅದಕ್ಕ ಹೊಡೀಬಾರದು ಅನ್ನಿಸ್ತು. ಇನ್ನೊಬ್ಬರ ತಲಿ ನೆನಪಿಗೆ ಬರಲಿಲ್ಲ. ತಪ್ಪಾತು."

ತಾವು ಹಾಕಿಕೊಂಡು ಬಂದಿದ್ದ ಹೆಲ್ಮೆಟ್ಟನ್ನು ಶಿಲ್ಪಾಳ ಕೈಗೆ ಕೊಟ್ಟರು. ಹೊಳಿಯಪ್ಪನಿಗೆ ನನ್ನದನ್ನು ಕೊಡಿಸಿದರು. ಕನ್ನಡಿಗೆ ತೂಗಿ ಬಿಟ್ಟಿದ್ದ ನನ್ನ ಹೆಲ್ಮೆಟ್ಟಿಗೆ ಒಂದು ಪೆಟ್ಟೂ ಬಿದ್ದಿರಲಿಲ್ಲ. ಚೂರುಗಳನ್ನು ಚೀಲಕ್ಕೆ ತುಂಬಿಕೊಂಡೆವು. ಊರವರೆಗೆ ಇಬ್ಬರೂ ಬರಿದಲೆಯಲ್ಲಿ, ಎತ್ತಿನ ಗಾಡಿಯ ವೇಗದಲ್ಲಿ ಬಂದೆವು. ಹೆಲ್ಮೆಟ್ ಸಾಹೇಬರನ್ನು ಹಾಗೆ ಕಂಡವರು ತಿರುತಿರುಗಿ ನೋಡಿದರು. ಅವರು ತಲೆ ಎತ್ತಲಿಲ್ಲ.

ಮರುದಿನ ಕಸದ ಗಾಡಿ ಬಂದಾಗ ಅವರೇ ಚೀಲ ಹಾಕಿ ಬಂದು, ಎರಡು ವರ್ಷ ಮುಚ್ಚಿಟ್ಟದ್ದನ್ನು ಪುಷ್ಪಲತಕ್ಕನಿಗೆ ಹೇಳಿದರು. ಆಕೆ ಅಂದು ಊಟ ಮಾಡಲಿಲ್ಲ.

ಈಗ ಅಮಾವಾಸ್ಯೆ ಬಂದರೆ ಸಾಹೇಬರ ಮನೆಯಲ್ಲಿ ಮಣೆ ಖಾಲಿ. ಬೆಳಗಾಗುತ್ತಲೇ ಹೊಳಿಯಪ್ಪನಿಗೆ ಫೋನು ಮಾಡುತ್ತಾರೆ. ಗೋಡೆಯ ಆಚೆಗೆ ನನಗೆ ಎಲ್ಲ ಕೇಳಿಸುತ್ತದೆ.

"ಪೂಜಿ ಆತೇನಪಾ? ಆಗಲಿ, ಆಗಲಿ. ಈ ತಿಂಗಳ ಎಲ್ಲೇನರ ಬಿದ್ದೀರೇನು? ಖರೇ ಹೇಳು. ಬಿದ್ದಿದ್ರ ಹೆಲ್ಮೆಟ್ ಮುಟ್ಟಬ್ಯಾಡ್ರಿ. ನಿಮ್ಮ ಕೈಲೆ ಆಗೂದಿಲ್ಲ. ನಾ ಬಂದು ಒಡೀತೇನಿ."