ಸಾಕ್ಷಿ ಕೇಳಿದ ಮೇಡಂ

ಮೊನ್ನೆ ಶಿವಮೊಗ್ಗದಿಂದ ಭದ್ರಾವತಿಗೆ, ನಮ್ಮ ಮನೆಗೆ ಬರುವಾಗ ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸು ಕಿತ್ತಳೆ ಸುಲಿದರು. ಆ ವಾಸನೆಗೆ ಶಿವಮೊಗ್ಗದ ವಿದ್ಯಾನಗರದ ಒಂದು ಸಣ್ಣ ಕೋಣೆ, ಅಲ್ಲಿ ಕೂರುತ್ತಿದ್ದ ಕೌನ್ಸೆಲಿಂಗ್ ಮೇಡಂ, ಎಲ್ಲ ಒಟ್ಟಿಗೆ ನೆನಪಾಯಿತು... ಅವರ ಮೇಜಿನ ಮೇಲೆ ಯಾವಾಗಲೂ ಕಿತ್ತಳೆ ಇರುತ್ತಿತ್ತು.

ಅಪ್ಪ ತೀರಿಕೊಂಡ ವರ್ಷ ಅದು. ಅವರು ಹೋದ ದಿನ ಬೆಳಿಗ್ಗೆ ಯಾವುದೋ ಮಾತಿಗೆ ಅಮ್ಮ "ಎಲ್ಲಾದ್ರೂ ಹಾಳಾಗಿ ಹೋಗಿ" ಎಂದು ಬೈದಿದ್ದಳು. ಅಪ್ಪ ಫ್ಯಾಕ್ಟರಿಯ ಗೇಟಿನ ಹತ್ತಿರ ಎದೆ ಹಿಡಿದುಕೊಂಡು ಕುಸಿದರು. ತನ್ನ ಬಾಯೇ ಗಂಡನನ್ನು ತಿಂದಿತೆಂದು ಅಮ್ಮ ಆ ಬಾಯಿಗೆ ಅನ್ನ ಹಾಕುವುದನ್ನೇ ಬಿಟ್ಟಳು. ಒಂದಿಷ್ಟು ಗಂಜಿ, ಅದೂ ನಾನು ಅತ್ತು ಕರೆದರೆ. ಹೀಗೇ ಬಿಟ್ಟರೆ ಅವಳೂ ಹೋಗುತ್ತಾಳೆಂದು ಹೆದರಿ ಮೇಡಂ ಹತ್ತಿರ ಕರೆದುಕೊಂಡು ಹೋದೆ.

ಅವರು ಮಾಡುತ್ತಿದ್ದುದು ಮನಸ್ಸಿಗೆ ಬಂದ ಯೋಚನೆಯನ್ನು ಹಿಡಿದು ಪರೀಕ್ಷಿಸುವ ಚಿಕಿತ್ಸೆ. ಶಂಕರಘಟ್ಟದ ಯೂನಿವರ್ಸಿಟಿಯಿಂದ ಬರುವ ವಿದ್ಯಾರ್ಥಿಗಳಿಗೆ ಅದು ಸಲೀಸಾಗಿ ಅರ್ಥವಾಗುತ್ತಿತ್ತಂತೆ. ಅಮ್ಮನನ್ನೂ ಹಾಗೇ ಕೇಳಿದರು: "ನಿಮ್ಮಿಂದ್ಲೇ ಸತ್ರು ಅನ್ನೋದಕ್ಕೆ ಸಾಕ್ಷಿ ಏನಮ್ಮಾ?"

ವಾಪಸು ಬರುವಾಗ ಅಮ್ಮ ನನ್ನ ಕೈ ಬಿಡಲಿಲ್ಲ. "ನನ್ನ ಕೋರ್ಟಿಗೆ ಹಾಕ್ತಾರೇನೇ?" ಮುಂದಿನ ವಾರ ಅವಳು ಬರಲು ಒಪ್ಪದಿದ್ದಾಗ ಒಬ್ಬಳೇ ಹೋಗಿ ಹೇಳಿದೆ. ಮೇಡಂ ಹಣೆ ಚಚ್ಚಿಕೊಂಡರು.

"ತಪ್ಪು ನಂದೇ ಮಾರಾಯ್ತಿ. ಓದಿದ್ದನ್ನ ಹಾಗೇ ತಂದು ಅವ್ರ ತಲೆ ಮೇಲೆ ಸುರಿದೆ. ಇನ್ನೊಂದ್ಸಲ ಕರ್ಕೊಂಡ್ ಬಾ."

ಆ ಸಲ ಸಾಕ್ಷಿಯ ಸುದ್ದಿಯೇ ಇಲ್ಲ. ಕಿತ್ತಳೆ ಸುಲಿಯುತ್ತಾ, "ಯಜಮಾನ್ರಿಗೆ ಬೈತಿದ್ರಾ?" ಅಂದರು.

"ದಿನಾ ಬೈತಿದ್ದೆ."

"ಆದ್ರೂ ಅವ್ರು ದಿನಾ ಸಂಜೆ ಮನೆಗೆ ಬರ್ತಿದ್ರಲ್ವಾ?"

ಅಮ್ಮ ಮೇಡಂ ಕೈಯಲ್ಲಿದ್ದ ತೊಳೆಯನ್ನು ತೆಗೆದುಕೊಂಡು ಬಾಯಿಗಿಟ್ಟಳು.

ನಿಧಾನವಾಗಿ ಊಟ ಮಾಡತೊಡಗಿದಳು. ಆ ಪ್ರಶ್ನೆಯಿಂದಲೋ, ಕಿತ್ತಳೆಯಿಂದಲೋ, ಬರೀ ದಿನ ಕಳೆದದ್ದರಿಂದಲೋ... ಒಮ್ಮೆ ಕೇಳಿದ್ದಕ್ಕೆ ಮೇಡಂ, "ನಂಗೂ ಸರಿಯಾಗಿ ಗೊತ್ತಿಲ್ಲ" ಎಂದುಬಿಟ್ಟರು. ಕಲಿತವರೇ ಹೀಗಂದರೆ ನಾನೇನು ತಿಳಿಯಲಿ? ಆದರೂ ಅವರ ಮೇಲೆ ಪ್ರೀತಿ ಹುಟ್ಟಿದ್ದು ಆವತ್ತೇ.

ಮೊನ್ನೆ ಬಸ್ಸಿಳಿದವಳೇ ಅವರಿಗೆ ಫೋನ್ ಮಾಡಿದೆ. ಎತ್ತಿದ್ದು ಅವರ ತಂಗಿ. ಅಕ್ಕ ತೀರಿಕೊಂಡು ಕೆಲವು ತಿಂಗಳಾಯಿತು ಎಂದರು. ತುಂಬ ದುಃಖವಾಯಿತು. ಮನೆಗೆ ಬಂದು, ಊಟಕ್ಕೆ ಕೂತಿದ್ದ ಅಮ್ಮನಿಗೆ ಹೇಳಿದೆ. ಅವಳು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದಳು.

"ಸಾಕ್ಷಿ ಕೇಳಿದ್ರಲ್ಲ, ಅವತ್ತು ಮನೆಗೆ ಬಂದು ಆಯಮ್ಮಂಗೂ ಬೈದಿದ್ದೆ ಕಣೇ. ಹಾಳಾಗಿ ಹೋಗ್ಲಿ ಅಂತ."

ಅಮ್ಮನಿಗೆ ಏನು ಹೇಳಲಿ ಎಂದು ಕೇಳೋಣವೆಂದರೆ ಮೇಡಂ ಇಲ್ಲ.