ಪರದೆಗೆ ಟವೆಲ್ ಹೊದಿಸುವ ಮಲ್ಲಿನಾಥ

"ಇನ್ನ ಮ್ಯಾಲ ನೀವು ಯಾರ ಕಣ್ಣೂ ಎರವಲು ಕೇಳಂಗಿಲ್ರಿ ಅಕ್ಕಾರ. ನಾ ಮಾಡಿಕೊಡ್ತೀನಿ."

ಹನ್ನೊಂದು ವರ್ಷದ ಹಿಂದೆ ನಾಶಿಕದ ಒಂದು ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಮಲ್ಲಿನಾಥ ಆಡಿದ ಮಾತಿದು. ಕೇಳಿಸಿಕೊಂಡವರು ಸುಭದ್ರಾ. ಕಚೇರಿಯೊಂದರಲ್ಲಿ ಟೆಲಿಫೋನ್ ಆಪರೇಟರ್, ಹುಟ್ಟಿನಿಂದ ದೃಷ್ಟಿಯಿಲ್ಲದವರು. ವರ್ಗಾವಣೆಗೆ ಯಾವ ಊರು ಬೇಕೆಂದು ವೆಬ್‌ಸೈಟಿನಲ್ಲಿ ತುಂಬಬೇಕಿತ್ತು. ಪಕ್ಕದ ಕುರ್ಚಿಯವರನ್ನು ಕೇಳಿದರು. ಅವರು ನಾಶಿಕದ ಬದಲು ಅದರ ಮೇಲಿನ ಸಾಲು ಒತ್ತಿದರು. ಆ ಸಾಲು ಮಾಲೇಗಾಂವ್. ಎರಡು ವರ್ಷ ಸುಭದ್ರಾ ಅಲ್ಲಿ ಬಾಡಿಗೆ ಕೋಣೆ ಹಿಡಿದಿದ್ದರು. ಓಣಿ ತುಂಬಾ ಮಗ್ಗದ ಸದ್ದು. ಹಿಂದಿನಿಂದ ಬರುವ ಗಾಡಿ ಕಿವಿಗೆ ಬೀಳುತ್ತಿರಲಿಲ್ಲ. ಕಿವಿಯನ್ನೇ ನಂಬಿ ನಡೆಯುವವರಿಗೆ ಅದು ಎಂಥ ಶಿಕ್ಷೆ ಎಂಬುದು ಆಗ ಅವರ ನಾಶಿಕದ ಮನೆಯಲ್ಲೇ ಉಂಡು ಐಟಿಐ ಓದುತ್ತಿದ್ದ ವಿಜಯಪುರದ ಹುಡುಗ ಮಲ್ಲಿನಾಥನಿಗೆ ಗೊತ್ತಿತ್ತು.

ಆ ಹುಡುಗನಿಗೆ ಈಗ ಹೆಂಡತಿ, ಮಗಳು, ಮೊಣಕಾಲು ನೋವು ಎಲ್ಲ ಇವೆ. ಛತ್ರಪತಿ ಸಂಭಾಜಿನಗರದ ಕೈಗಾರಿಕಾ ಪ್ರದೇಶ ವಾಳೂಜಿನಲ್ಲಿ ಎರಡು ಕೋಣೆಯ ಮನೆ. ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಕಾಂಟ್ರ್ಯಾಕ್ಟ್ ಮೇಲೆ ಮೆಂಟೆನೆನ್ಸ್ ಕೆಲಸ. ಬೆಳಗಿನ ಪಾಳಿಯ ಕಂಪನಿ ಬಸ್ಸು ಬರುವ ಮೊದಲು, ಇನ್ನೂ ಬೀದಿದೀಪ ಉರಿಯುತ್ತಿರುವಾಗಲೇ, ಅವರು ಹಳೆಯ ಕಂಪ್ಯೂಟರಿನ ಮುಂದೆ ಕೂರುತ್ತಾರೆ. ಕೂತ ತಕ್ಷಣ ಮಾಡುವ ಕೆಲಸ ಒಂದೇ: ಪರದೆಗೆ ಟವೆಲ್ ಹೊದಿಸುವುದು.

"ನಾ ನೋಡಿ ಪರೀಕ್ಷೆ ಮಾಡಿದ್ರ ಏನ್ ಬಂತ್ರೀ? ಅವರು ನೋಡೂದಿಲ್ಲಲ್ಲ," ಎನ್ನುತ್ತಾರೆ.

ಅವರು ಕಟ್ಟಿ ಕಾಪಾಡಿಕೊಂಡು ಬಂದಿರುವ ಬ್ರೌಸರಿನ ಹೆಸರು 'ದನಿ'. ಬೇರೆಯವರು ಮುಕ್ತವಾಗಿ ಬಿಟ್ಟುಕೊಟ್ಟ ಬ್ರೌಸರೊಂದನ್ನು ತಂದು, ಭಾರ ಇಳಿಸಿ, ಕನ್ನಡ ಮತ್ತು ಮರಾಠಿಯಲ್ಲಿ ಪುಟ ಓದಿ ಹೇಳುವಂತೆ ಮಾಡಿದ್ದಾರೆ. ಹಳೆಯ ಕಂಪ್ಯೂಟರಿನಲ್ಲೂ ಏದುಸಿರು ಬಿಡದೆ ಓಡುತ್ತದೆ. ನಾಶಿಕ, ಖುಲ್ದಾಬಾದ್, ಜಾಲನಾ ಕಡೆ ದೃಷ್ಟಿಯಿಲ್ಲದ ಇನ್ನೂರರ ಆಸುಪಾಸು ಜನ ಬಳಸುತ್ತಾರೆ. ತಿಂಗಳಿಗೊಮ್ಮೆ ಹೊಸ ಆವೃತ್ತಿ ತಪ್ಪುವುದಿಲ್ಲ. ಆದರೂ ವೆಬ್‌ಸೈಟುಗಳು ಅದಕ್ಕೆ ಹೇಳುವುದು ಒಂದೇ ಮಾತು: ನೀನು ಹಳೆಯದು, ನಡಿ ಆಚೆ.

"ನಮ್ಮ ಫ್ಯಾಕ್ಟರಿ ಗೇಟಿನಾಗ ವಾಚ್‌ಮನ್ ಇರ್ತಾನಲ್ರೀ, ಹಂಗ," ಎಂದು ಮಲ್ಲಿನಾಥ ವಿವರಿಸುತ್ತಾರೆ. "ಬ್ರೌಸರ್ ಒಳಗ ಹೋಗಬೇಕಾದ್ರ ತನ್ನ ಹೆಸರು ಹೇಳಬೇಕು. ವಾಚ್‌ಮನ್‌ಗೆ ನಾಕ ದೊಡ್ಡ ಹೆಸರು ಗೊತ್ತು. ಐದನೇದ್ದು ಬಂತಂದ್ರ, ಹಳೇದು ಅಂತಾನ. ಹೊಸಾದು ಹೌದೋ ಅಲ್ಲೋ ನೋಡೂದೇ ಇಲ್ಲ. ನಿನ್ನೆ ಹುಟ್ಟಿದ ಕೂಸಿಗೆ ಮುದುಕ ಅಂದಂಗ!"

ಪರಿಹಾರ ಕಷ್ಟದ್ದಲ್ಲ. ಹೀಗೆ ತಡೆಯುವ ಸೈಟಿನ ಬಾಗಿಲಲ್ಲಿ ಮಾತ್ರ ದನಿ ತನ್ನ ಹೆಸರು ಬಿಟ್ಟು ಆ ನಾಲ್ಕರಲ್ಲಿ ಒಂದರ ಹೆಸರು ಹೇಳುವಂತೆ ಮಾಡಿದರೆ ಸಾಕು. ಹೀಗೆ ಒಂದೊಂದೇ ಸೈಟಿಗೆ ಸುಳ್ಳು ಹೇಳಿಸುತ್ತ ಬಂದಿದ್ದಾರೆ. ಸೈಟು ಬದಲಾದಾಗ ಸುಳ್ಳನ್ನೂ ಬದಲಿಸಬೇಕು. ಎಲ್ಲ ಕಡೆಗೂ ಒಂದೇ ಸಲ ಹೇಳಿಸಿಬಿಡಬಾರದೇ?

"ಹೇಳಿಸಬಹುದ್ರಿ. ಆಮ್ಯಾಗ ದನಿ ಅಂತ ಒಂದು ಐತಿ ಅನ್ನೂದು ಯಾರಿಗೆ ಗೊತ್ತಾಗಬೇಕು? ಅವರ ಲೆಕ್ಕದಾಗ ನಮ್ಮ ಮಂದಿ ಇಲ್ಲೇ ಇಲ್ಲ ಅಂದಂಗ ಆತಲ್ಲ." ಈ ಮಾತಿಗೆ ಹೆಂಡತಿ ಹರಿಪ್ರಿಯಾ ಒಳಗಿನಿಂದ, "ಹಟಾ ನೋಡ್ರಿ, ಹಟಾ. ಸಂಜಿಗೆ ಗ್ಯಾಸ್ ತರ್‍ರಿ ಅಂದ್ರ ಮಾತ್ರ ಈ ಹಟಾ ಇರೂದಿಲ್ಲ," ಎನ್ನುತ್ತಾರೆ.

ಹಟಕ್ಕೆ ಬೆಲೆ ತೆರಬೇಕಾದದ್ದು ಈಚಿನ ಒಂದು ವಾರದಲ್ಲಿ. ಮತ್ತೆ ಸುಭದ್ರಾ ಅವರ ವರ್ಗಾವಣೆಯ ಸರದಿ. ಶನಿವಾರ ಸಂಜೆ ಐದರೊಳಗೆ ಊರು ಆರಿಸಬೇಕು. ಆರಿಸದಿದ್ದರೆ ಕಚೇರಿ ಕಳಿಸಿದ ಕಡೆ ಹೋಗಬೇಕು. ಬುಧವಾರ ಫೋನು ಬಂತು. "ಮಲ್ಲಿನಾಥಾ, ನಿನ್ನ ದನಿ ಬಾಯೇ ಬಿಡವಲ್ದಪಾ." ಮಲ್ಲಿನಾಥ ಟವೆಲ್ ಹೊದಿಸಿ ಕೇಳಿದರು. ಮೌನ. ಸೈಟು ನಿಧಾನವಿರಬೇಕು, ನಾಳೆ ನೋಡೋಣ ಅಂದರು. ಗುರುವಾರವೂ ಮೌನ, ಶುಕ್ರವಾರವೂ. ಸೈಟಿನ ಸಹಾಯವಾಣಿಗೆ ಫೋನ್ ಮಾಡಿದರೆ ಆ ಕಡೆಯ ಧ್ವನಿ, "ಸರ್, ಆಪ್ ಬ್ರೌಸರ್ ಅಪ್‌ಡೇಟ್ ಕರ್ ಲೀಜಿಯೇ" ಎಂದಿತು. ಬ್ರೌಸರಿನ ಹೊಸ ಆವೃತ್ತಿಯನ್ನೇ ಹಾಕಿದ್ದೇನೆ ಎಂದರು. "ಏಕ್ ಬಾರ್ ಔರ್ ಕರ್ ಲೀಜಿಯೇ ಸರ್." ಇನ್ನೊಮ್ಮೆ ಹಾಕಬೇಕಂತೆ. ಯಾರು ಏನು ಕೇಳಿದರೂ ಇದನ್ನೇ ಹೇಳುತ್ತಾರೆ ಎಂದುಕೊಂಡು ಮಲ್ಲಿನಾಥ ಫೋನ್ ಇಟ್ಟರು.

ಶನಿವಾರ ಬೆಳಿಗ್ಗೆ ಬಚ್ಚಲಿನಿಂದ ಮಗಳು ಅಮ್ಮನನ್ನು ಕೂಗುತ್ತಾಳೆ, "ಆಯೀ, ಟಾವೆಲ್!" ಒಣಗಿದ್ದು ಬೇರೆ ಯಾವುದೂ ಇಲ್ಲ. ಹರಿಪ್ರಿಯಾ ಬಂದು ಪರದೆಯ ಮೇಲಿನದನ್ನೇ ಎಳೆದುಕೊಳ್ಳುತ್ತಾರೆ. ಎಳೆದವರು ಅಲ್ಲೇ ನಿಲ್ಲುತ್ತಾರೆ.

"ಅಯ್ಯ, ಇಲ್ಲಿ ಇಷ್ಟ ದಪ್ಪ ಅಕ್ಷರದಾಗ ನಿಮ್ಮ ಬ್ರೌಸರ್ ಹಳೇದು ಅಂತ ಬರದೈತಲ್ರೀ!"

ಮೂರು ದಿನದಿಂದ ಆ ಮಾತು ಟವೆಲ್ಲಿನ ಹಿಂದೆಯೇ ಇತ್ತು. ಅದನ್ನು ಸೈಟಿನವರು ಅಕ್ಷರವಾಗಿ ಬರೆಯದೆ ಚಿತ್ರವಾಗಿ ಅಂಟಿಸಿದ್ದರು. ಚಿತ್ರವನ್ನು ದನಿ ಓದಲಾರದು. ಹೊರಗೆ ಹಾಕಿದ್ದಲ್ಲದೆ, ಹೊರಗೆ ಹಾಕಿದ್ದೇವೆ ಎಂಬುದೂ ಕೇಳಿಸದಂತೆ ಮಾಡಿದ್ದರು. ಒಮ್ಮೆ ಟವೆಲ್ ಎತ್ತಿದ್ದರೆ ಬುಧವಾರವೇ ಮುಗಿಯುತ್ತಿತ್ತು. ಮಲ್ಲಿನಾಥ ಹಣೆ ಚಚ್ಚಿಕೊಳ್ಳುತ್ತಾರೆ. ಅಷ್ಟರಲ್ಲಿ ಬೀದಿಯ ಕೊನೆಯಲ್ಲಿ ಬಸ್ಸಿನ ಹಾರ್ನ್. ಕಾಂಟ್ರ್ಯಾಕ್ಟಿನವರು ಹೇಳದೆ ಕೇಳದೆ ಪಾಳಿ ತಪ್ಪಿಸಿಕೊಂಡರೆ ಸೋಮವಾರ ಗೇಟಿನಲ್ಲಿ ಪಾಸು ನಡೆಯುವುದಿಲ್ಲ.

ಬಸ್ಸಿನಿಂದಲೇ ಫೋನ್ ಮಾಡುತ್ತಾರೆ. "ಅಕ್ಕಾರ, ತಪ್ಪು ಸಿಕ್ತು. ಪಾಳಿ ಮುಗಿಸಿ ಬಂದ ಕೂಡ್ಲೇ ಸರಿ ಮಾಡಿ ಕಳಸ್ತೀನ್ರಿ."

"ಐದಕ್ಕ ಬಾಗ್ಲಾ ಹಾಕ್ತಾರಪಾ."

"ಅದರೊಳಗ ಆಗ್ತೈತ್ರಿ."

"ಹ್ಞೂಂ," ಅಂತಾರೆ ಸುಭದ್ರಾ. ಆಮೇಲೆ ಫೋನು ಕಾರ್ಖಾನೆಯ ಲಾಕರಿಗೆ ಹೋಗುತ್ತದೆ. ಯಂತ್ರಗಳ ಬಳಿ ಫೋನ್ ಒಯ್ಯುವಂತಿಲ್ಲ.

ಸಂಜೆ ಚಪ್ಪಲಿಯನ್ನೂ ಬಿಡದೆ ಕೂತು ಮಲ್ಲಿನಾಥ ಆ ಸೈಟಿಗೊಂದು ಸುಳ್ಳು ಹೆಸರು ಬರೆಯುತ್ತಾರೆ. ಅಕ್ಕಿ ತೊಳೆದಿಡುವಷ್ಟೂ ಹೊತ್ತು ಹಿಡಿಯುವುದಿಲ್ಲ. ಗಡಿಯಾರದಲ್ಲಿ ಇನ್ನೂ ಐದಾಗಿಲ್ಲ.

"ಕಳಿಸೀನ್ರಿ ಅಕ್ಕಾರ. ಈಗ ತಗೀರಿ, ಒಳಗ ಹೋಗ್ತೈತಿ."

"ಆಗ್ಲೇ ಆತಪಾ. ಮಧ್ಯಾಹ್ನ ಮ್ಯಾಲಿನ ಮನಿ ಶ್ರೀಜಾನ್ನ ಕರದೆ. ತನ್ನ ಲ್ಯಾಪ್‌ಟಾಪಿನಾಗ ತುಂಬಿದ್ಲು. ಮಾಲೇಗಾಂವ್ ಎಲ್ಲೈತಿ ಮೊದ್ಲ ಹೇಳವ್ವಾ, ಅದರ ಹತ್ರ ಬೆರಳ ಒಯ್ಯಬ್ಯಾಡ ಅಂದೆ!" ಸುಭದ್ರಾ ನಗುತ್ತಾರೆ. "ಸಿಟ್ಟಾದಿ ಏನೋ?"

"ನಿಮ್ಮ ಮ್ಯಾಲ ಅಲ್ರಿ."

"ತಡಿ, ನಿನ್ನ ದನಿಯೊಳಗ ತಗೀತೀನಿ. ನನ್ನ ಕಿವೀಲೆ ಕೇಳಬೇಕು ನನಗ."

ಫೋನಿನಲ್ಲಿ ಕೀಲಿಗಳ ಟಕಟಕ ಕೇಳುತ್ತದೆ. ಸ್ವಲ್ಪ ಹೊತ್ತಿಗೆ ದನಿಯ ಏರಿಳಿತವಿಲ್ಲದ ಧ್ವನಿ: "ಆಯ್ಕೆ. ನಾಶಿಕ್."

ಹರಿಪ್ರಿಯಾ ಚಹಾ ತಂದಿಟ್ಟು, ಇನ್ನಾದರೂ ಏನು ಬೇಕು ನಿಮಗೆ ಎಂದು ಕೇಳುತ್ತಾರೆ. ಮಲ್ಲಿನಾಥ ಟವೆಲ್ ಮಡಚುತ್ತ ಹೇಳುತ್ತಾರೆ, "ಒಂದ್ ಸಲ, ಒಂದೇ ಸಲ, ಅದು ತನ್ನ ಹೆಸರಿನ ಮ್ಯಾಲ ಒಳಗ ಹೋಗಬೇಕು. ಅಷ್ಟ."

ಸುಭದ್ರಾ ಅವರ ಆಯ್ಕೆ ಸರಿಯಾಗಿ ಸಲ್ಲಿಕೆಯಾಗಿದೆ. ತುಂಬಿದವರು ಶ್ರೀಜಾ. ಹನ್ನೊಂದು ವರ್ಷದ ಹಿಂದೆ ಮಲ್ಲಿನಾಥ ಕೊಟ್ಟ ಮಾತು ಆ ಶನಿವಾರ ಮುರಿಯಿತು.