ಅಂಚು ಮುರಿಯದ ಕೊಂಬು

ರಾಜಧಾನಿಯ ಕಾರ್ಖಾನೆಗಳ ನಡುವಿನ ಲಗ್ಗೆರೆಯಲ್ಲಿ, ಬಾಡಿಗೆ ಮನೆಯ ಮೊದಲ ಬೆಳಿಗ್ಗೆ ಲೋಟದ ನೀರು ತಾನಾಗಿ ನಡುಗಿತು. ಹೆದರಿ ಬೀದಿಗೆ ಓಡಿಬಂದೆ. ಮಹಡಿಯಿಂದ ಮನೆಯ ಒಡತಿ ಗೌರಮ್ಮ ನಕ್ಕರು.

"ಭೂಕಂಪ ಅಲ್ಲ ಕಣಮ್ಮ, ಪಕ್ಕದ ಶೆಡ್ಡಿನ ಪ್ರೆಸ್ಸು, ತಗಡು ಒತ್ತುತ್ತೆ. ನಮಗೆ ಅದು ನಿಂತ್ರೇನೆ ಭಯ. ನಿನಗೂ ಅಂಗೇ ಆಯ್ತದೆ ಬಿಡು."

ನನ್ನ ಹಾಗೆ ಹರಪನಹಳ್ಳಿಯಿಂದ ಈ ಕಡೆ ಬರುವವರಿಗೆ ನನ್ನ ಮೊದಲ ಬುದ್ಧಿಮಾತು ಇದೇ: ಭಾನುವಾರ ಮನೆ ನೋಡಬೇಡಿ. ಅಂದು ಪ್ರೆಸ್ಸುಗಳು ಮಲಗಿರುತ್ತವೆ. ಕೆಲಸದ ದಿನ ಹೋಗಿ, ಗೋಡೆಗೆ ಅಂಗೈ ಇಟ್ಟು ನೋಡಿ, ಆಮೇಲೆ ಬಾಡಿಗೆ ಮಾತಾಡಿ. ನಡುಗುವ ಗೋಡೆ ಚೌಕಾಸಿಗೆ ಒಳ್ಳೆಯ ಆಧಾರ.

ನಮ್ಮಲ್ಲಿ ರೊಟ್ಟಿ ಬಡಿಯುವ ಸದ್ದಿಗೆ ಯಾರೂ ತಿರುಗಿ ನೋಡುವುದಿಲ್ಲ. ಇಲ್ಲಿ ಆ ಸದ್ದಿಗೆ ಗೌರಮ್ಮ ಇಳಿದು ಬಂದರು. ನಾನು ಜೋಳದ ರೊಟ್ಟಿ ಕೊಟ್ಟೆ, ಅವರು ಮುದ್ದೆಯನ್ನು ಅಗಿಯದೆ ನುಂಗಲು ಕಲಿಸಿದರು. ಮುಂದೆ ತಮ್ಮ ಮನೆಯ ಕೆಳಗಿನ ಶೆಡ್ಡನ್ನೂ ಕೊಟ್ಟರು. ಒಂದು ಹಳೆಯ ಲೇತಿನಿಂದ ಶುರುವಾದ ನನ್ನ ವರ್ಕ್‌ಶಾಪಿನಲ್ಲಿ ಇಂದು ಕಂಪ್ಯೂಟರ್ ಮಾತು ಕೇಳುವ ಯಂತ್ರವೂ ಇದೆ. ಅದನ್ನು ನಡೆಸುವವರು ನಂಜಪ್ಪ.

ಹೋದ ವರ್ಷ ವಿನುತಾ ಎಂಬ ಖಗೋಳ ವಿಜ್ಞಾನಿ ಒಂದು ನಕ್ಷೆ ಹಿಡಿದು ಬಂದರು. ಅಂಗೈಯಗಲದ ಅಲ್ಯುಮಿನಿಯಂ ಕೊಂಬು, ಅದರ ಒಳಗೋಡೆಯಲ್ಲಿ ಉಗುರಿನಷ್ಟು ತೆಳ್ಳನೆಯ ಬಳೆಗಳ ಸಾಲು. ರೇಡಿಯೊ ದೂರದರ್ಶಕದ ದೊಡ್ಡ ತಟ್ಟೆ ಆಕಾಶದಿಂದ ಹಿಡಿದು ಒಟ್ಟುಗೂಡಿಸಿದ ಅಲೆಗಳು ಕೊನೆಗೆ ಇಳಿಯುವುದು ಇಂಥ ಕೊಂಬಿನೊಳಕ್ಕೆ.

ಗೆಲಾಕ್ಸಿಯೊಂದರ ನಡುವಿನ ಕಪ್ಪುರಂಧ್ರ ತನ್ನ ಸುತ್ತ ಸುಳಿಯುವ ವಸ್ತುವಿನಲ್ಲಿ ಸ್ವಲ್ಪವನ್ನು ಪಿಚಕಾರಿಯಂತೆ ದೂರಕ್ಕೆ ಚಿಮ್ಮಿಸುತ್ತದಂತೆ. ಆ ಧಾರೆಗೆ ಜೆಟ್ ಎನ್ನುತ್ತಾರೆ. ಧಾರೆಯಲ್ಲಿ ಹೊಳೆಯುವ ಗಂಟುಗಳಿರುತ್ತವೆ. ದೂರದೂರದ ತಟ್ಟೆಗಳು ಒಂದೇ ಹೊತ್ತಿಗೆ ನೋಡಿ, ಕೆಲವು ವಾರಗಳಿಗೊಮ್ಮೆ ಚಿತ್ರ ತೆಗೆದು, ಗಂಟು ಎಷ್ಟು ಸರಿಯಿತೆಂದು ಅಳೆಯುತ್ತವೆ.

"ಒಂದು ಸರದಿ ತಪ್ಪಿದ್ರೆ ಏನ್ ಮಹಾ ಆಗುತ್ತೆ ಮೇಡಂ?" ಎಂದೆ. ಗಡುವು ಸಡಿಲಿಸಿಕೊಳ್ಳುವುದು ನನ್ನ ಅಭ್ಯಾಸ.

"ಹಳೇ ಗಂಟು ಮಂಕಾಗಿರುತ್ತೆ, ಹೊಸದು ಹುಟ್ಟಿರುತ್ತೆ. ಯಾವುದು ಯಾವುದು ಅಂತ ಗುರುತೇ ಸಿಗಲ್ಲ. ಎರಡು ವರ್ಷದ ಕೆಲಸ ಕೈಬಿಟ್ಟು ಹೋಗುತ್ತೆ."

ಹೇಳಿದ ದಿನಕ್ಕೇ ಕೊಟ್ಟೆ. ಮರುದಿನ ಬೆಳಿಗ್ಗೆ ಅವರು ಕೊಂಬನ್ನು ವಾಪಸ್ ತಂದರು, ಮುಖ ಬಾಡಿತ್ತು. ನಮ್ಮ ಶೆಡ್ಡಿಗೊಂದು ಶಾಸನವಿದೆ: ಚೂಪು ಅಂಚಿನ ಮಾಲು ಹೊಸಿಲು ದಾಟಬಾರದು, ಯಾರ ಕೈಯನ್ನೂ ಕುಯ್ಯಬಾರದು. ಹಾಗಾಗಿ ನಂಜಪ್ಪ ಒಳಗಿನ ಬಳೆಗಳಿಗೆಲ್ಲ ಅಕ್ಕರೆಯಿಂದ ಎಮರಿ ಪೇಪರ್ ಉಜ್ಜಿ ನುಣುಪು ಮಾಡಿದ್ದರು. ಅಲೆಗಳನ್ನು ಸರಿಯಾಗಿ ಹಿಡಿಯಲು ವಿನುತಾ ಅವರಿಗೆ ಬೇಕಾದದ್ದು ಆ ಚೂಪು ಅಂಚೇ.

"ರೇಟಲ್ಲಿ ಇಳಿಸಿಕೊಡ್ತೀನಿ ಮೇಡಂ," ಎಂದುಬಿಟ್ಟೆ.

"ಇಳಿಸ್ಬೇಡಿ. ಇನ್ನೊಂದು ಮಾಡಿಕೊಡಿ. ಒಂಬತ್ತು ದಿನದಲ್ಲಿ ಅದು ತಟ್ಟೆ ಮೇಲೆ ಕೂತಿರ್ಬೇಕು."

ರಿಯಾಯಿತಿ ಬೇಡವೆಂದ ಗಿರಾಕಿಯನ್ನು ನಾನು ಅದೇ ಮೊದಲು ಕಂಡದ್ದು. ನಂಜಪ್ಪ ಶೆಡ್ಡಿನಲ್ಲಿದ್ದ ಎಮರಿ ಪೇಪರನ್ನೆಲ್ಲ ಡಬ್ಬಕ್ಕೆ ತುಂಬಿ, ಮಹಡಿ ಹತ್ತಿ ಗೌರಮ್ಮನ ಕೈಗಿಟ್ಟರು.

"ನಾನೇ ಬಂದು ಕೇಳಿದ್ರೂ ಕೊಡ್ಬೇಡಿ ಗೌರಮ್ಮನೋರೆ. ನನ್ ಕೈ ಸುಮ್ನಿರಲ್ಲ."

"ಕುಡುಕ ಬಾಟ್ಲಿ ತಂದುಕೊಟ್ಟಂಗೆ ಐತಲ್ಲಪ್ಪೋ!"

ಮೂರನೇ ದಿನ ನಂಜಪ್ಪ ನಿಜಕ್ಕೂ ಮೆಟ್ಟಿಲು ಹತ್ತಿದರು. "ಒಂದೇ ಒಂದು ಚೂರು ಗೌರಮ್ಮನೋರೆ." ಗೌರಮ್ಮ ಬಾಗಿಲನ್ನೇ ತೆಗೆಯಲಿಲ್ಲ. ಐದನೇ ದಿನ ಕೊಂಬು ಮುಗಿಯಿತು. ನಂಜಪ್ಪನ ಎರಡು ಬೆರಳಿಗೆ ಬಟ್ಟೆ ಸುತ್ತಿತ್ತು. ವಿನುತಾ ಅಳತೆ ನೋಡಿ ತಲೆಯಾಡಿಸಿದರು, ಕೊಂಬನ್ನು ಮಗುವಿನಂತೆ ಎದೆಗೊತ್ತಿ ಒಯ್ದರು.

ಕೆಲವು ತಿಂಗಳ ನಂತರ ಎರಡು ಚಿತ್ರಗಳೊಂದಿಗೆ ಬಂದರು. ಒಂದರಲ್ಲಿ ಗಂಟು ಇಲ್ಲಿ, ಇನ್ನೊಂದರಲ್ಲಿ ಕೂದಲೆಳೆಯಷ್ಟು ಆಚೆ. "ಇಷ್ಟೇನಾ?" ಎಂದರು ನಂಜಪ್ಪ.

"ಇಷ್ಟೇ. ಆದ್ರೆ ಲೆಕ್ಕ ಹಾಕಿದ್ರೆ ಬೆಳಕಿಗಿಂತ ವೇಗವಾಗಿ ಓಡಿದ ಹಾಗೆ ಕಾಣುತ್ತೆ," ಎಂದರು ವಿನುತಾ. "ಊರಿಂದ ಒಬ್ಬರು ಹೊರಡುವಾಗ ಒಂದು ಕಾಗದ, ದಾರಿಯಲ್ಲಿ ಇನ್ನೊಂದು ಕಾಗದ ಹಾಕಿದ್ರು ಅಂದ್ಕೊಳ್ಳಿ. ಅಂಚೆಯಷ್ಟೇ ಜೋರಾಗಿ ಅವರೂ ಬರ್ತಿದ್ರೆ ಎರಡೂ ಕಾಗದ ನಿಮಗೆ ಹೆಚ್ಚುಕಮ್ಮಿ ಒಟ್ಟಿಗೇ ಸಿಗುತ್ತೆ. ಇಷ್ಟು ದೂರ ಇಷ್ಟು ಬೇಗ ಬಂದ್ರಾ ಅನ್ಸುತ್ತೆ. ಈ ಜೆಟ್ಟೂ ನಮ್ಮ ಕಡೆಗೇ ಬರ್ತಿದೆ, ಅದಕ್ಕೆ ಹಾಗೆ. ನಿಜಕ್ಕೂ ಬೆಳಕನ್ನ ಮೀರಿಲ್ಲ."

"ಅಂದ್ರೆ ಅದೂ ಇಲ್ಲೇ ಪಕ್ಕದ ಪೀಣ್ಯದ ಕಾರ್ಖಾನೆಯವರ ಹಾಗೆ ಏರಿಸಿ ಹೇಳುತ್ತೆ," ಎಂದೆ. ವಿನುತಾ ನಕ್ಕರು, ಆಮೇಲೆ ನಂಜಪ್ಪನ ಕೈ ಹಿಡಿದುಕೊಂಡರು. "ಆ ವಾರ ನೋಡದೇ ಇದ್ದಿದ್ರೆ ಇದು ಅದೇ ಗಂಟು ಅಂತ ನಾನು ಹೇಳೋಕಾಗ್ತಿರ್ಲಿಲ್ಲ ಅಣ್ಣ." ನಂಜಪ್ಪ ಯಂತ್ರದ ಕಡೆ ತಿರುಗಿ ಕಣ್ಣೊರೆಸಿಕೊಂಡರು.

ಆ ಮಾತು ನನ್ನನ್ನೂ ಬಿಡಲಿಲ್ಲ. ನಾನು ಊರಿಗೆ ಹೋಗಿ ಮೂರು ವರ್ಷ ದಾಟಿತ್ತು. ಈ ಸಲ ಹೋದಾಗ ಬಾಗಿಲಲ್ಲಿ ಉದ್ದನೆಯ ಹುಡುಗಿಯೊಬ್ಬಳು ನಿಂತಿದ್ದಳು. "ಯಾರು ಬೇಕಾಗಿತ್ರೀ?" ಎಂದಳು. ನಾನೂ "ನೀ ಯಾರವಾ?" ಎಂದೆ. ಒಳಗಿನಿಂದ ಅಕ್ಕ ಕೂಗಿದಳು: "ಏ, ನಿಮ್ಮ ಚಿಗವ್ವ ಅದಾಳ, ಒಳಗ ಕರಕೊಂಡು ಬಾ!"

ಅಂದಿನಿಂದ ಎರಡು ತಿಂಗಳಿಗೊಮ್ಮೆ ಹೋಗುತ್ತೇನೆ, ಆ ಗಡುವಿಗೆ ಮಾತ್ರ ಚೌಕಾಸಿ ಇಲ್ಲ. ನೀವೂ ಮಾಡಬೇಡಿ. ಮೊನ್ನೆ ಹರಪನಹಳ್ಳಿಯಿಂದ ವಾಪಸ್ ಬರುವ ಬಸ್ಸು ಹತ್ತಿ ಗೌರಮ್ಮನಿಗೆ ಫೋನ್ ಮಾಡಿದೆ: "ಊರಿಗೆ ಹೊರಟೆ ಗೌರಮ್ಮ."

"ಬಾರಮ್ಮ ಬಾ, ಮುದ್ದೆ ಮಾಡಿರ್ತೀನಿ," ಎಂದರು.

ನಾನು ಊರು ಅಂದದ್ದು ಯಾವುದನ್ನು ಎಂದು ಅವರು ಕೇಳಲಿಲ್ಲ. ನನಗೂ ಅದು ಹೊಳೆದದ್ದು ಬಸ್ಸು ದಾವಣಗೆರೆ ದಾಟಿದ ಮೇಲೆ.